ನನ್ನ ಕಂಪ್ಯೂಟರಿನ ಲಸಿಕೆ ಕಾರ್ಡು

ಕಂಪ್ಯೂಟರನ್ನು ಅಪ್‌ಡೇಟ್ ಮಾಡಿಕೊಳ್ಳಲು ಜನ ಯಾಕಿಷ್ಟು ಮೀನಮೇಷ ಎಣಿಸುತ್ತಾರೆ ಎಂಬುದು ನನ್ನ ಸ್ನಾತಕೋತ್ತರ ಪ್ರಬಂಧದ ವಿಷಯ. ಪ್ರಬಂಧದಲ್ಲಿ ಇದನ್ನು ಇಷ್ಟು ಸರಳವಾಗಿ ಬರೆದಿಲ್ಲ, ಅಲ್ಲಿ ಶೀರ್ಷಿಕೆಯೇ ಎರಡು ಸಾಲು ಇದೆ. ವಿಷಯವನ್ನು ನಾನು ಆಸೆಪಟ್ಟು ಆರಿಸಿಕೊಂಡದ್ದೂ ಅಲ್ಲ. ಗೈಡ್ ಮೇಡಂ ಮುಂದಿಟ್ಟ ಮೂರು ವಿಷಯಗಳಲ್ಲಿ ಉಳಿದೆರಡಕ್ಕೆ ಗಣಿತ ಬೇಕಾಗಿತ್ತು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಕಂಪ್ಯೂಟರನ್ನು ನಡೆಸುವ ತಂತ್ರಾಂಶದಲ್ಲಿ ಅಲ್ಲಲ್ಲಿ ತೂತುಗಳಿರುತ್ತವೆ. ಅವುಗಳ ಮೂಲಕ ಕಳ್ಳರು ಒಳಗೆ ನುಗ್ಗುತ್ತಾರೆ. ತಂತ್ರಾಂಶ ಮಾಡಿದವರು ತೂತು ಕಂಡಾಗಲೆಲ್ಲ ಒಂದು ತೇಪೆ, ಅಂದರೆ ಪ್ಯಾಚ್, ಕಳಿಸುತ್ತಾರೆ, ಸಾಮಾನ್ಯವಾಗಿ ತಿಂಗಳಿಗೊಮ್ಮೆ. ನಾವು ಮಾಡಬೇಕಾದ ಕೆಲಸ ಇಷ್ಟೆ: ಒಂದು ಗುಂಡಿ ಒತ್ತಬೇಕು, ಕಂಪ್ಯೂಟರು ಒಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುವ ತನಕ ಕೈಕಟ್ಟಿ ಕೂತಿರಬೇಕು. ಇಷ್ಟನ್ನು ಮಾಡದೆ ತಪ್ಪಿಸಿಕೊಳ್ಳಲು ಜನ ಏನೇನು ನೆಪ ಹೇಳುತ್ತಾರೆ ಎಂದು ನಾನು ಇನ್ನೂರ ಹನ್ನೆರಡು ಮಂದಿಯನ್ನು ಕೇಳಿ ಬರೆದುಕೊಂಡೆ. ಅಂಗಡಿಯವರು, ಮೇಷ್ಟ್ರುಗಳು, ಹಾಸ್ಟೆಲಿನ ಹುಡುಗಿಯರು, ಒಬ್ಬ ನಿವೃತ್ತ ನ್ಯಾಯಾಧೀಶರು.

ತಪ್ಪದೆ ಮಾಡುವವರನ್ನು ಬಿಟ್ಟು ಉಳಿದವರನ್ನೆಲ್ಲ ನಾಲ್ಕು ಪಂಗಡ ಮಾಡಿದೆ. ಮರೆಯುವವರು, ಹೆದರುವವರು, ಸೋಮಾರಿಗಳು ಮತ್ತು ಮಾಡದೆಯೇ ಮಾಡಿದ್ದೇನೆ ಅನ್ನುವವರು. ಈ ನಾಲ್ಕನೆಯವರನ್ನು ಹಿಡಿಯಲು ನಾನೊಂದು ಉಪಾಯ ಹೂಡಿದ್ದೆ. ಏಳನೇ ಪ್ರಶ್ನೆಯಲ್ಲಿ ‘ಕಳೆದ ತಿಂಗಳು ಅಪ್‌ಡೇಟ್ ಮಾಡಿದಿರಾ?’ ಎಂದು ಕೇಳಿ ಸುಮ್ಮನಾಗುವುದು. ಮೂವತ್ತೊಂದನೇ ಪ್ರಶ್ನೆಗೆ ಬರುವಷ್ಟರಲ್ಲಿ ಅವರು ಅದನ್ನು ಮರೆತಿರುತ್ತಾರೆ, ಆಗ ‘ಕೊನೆಯ ಅಪ್‌ಡೇಟ್ ಎಂದು ಪರದೆಯ ಮೇಲೆ ಯಾವ ದಿನಾಂಕ ಕಾಣುತ್ತಿದೆ, ನೋಡಿ ಬರೆಯಿರಿ’ ಎನ್ನುವುದು. ಮೂವತ್ತನಾಲ್ಕು ಜನ ಸಿಕ್ಕಿಬಿದ್ದರು, ನ್ಯಾಯಾಧೀಶರೂ ಸೇರಿ. ಗೈಡ್ ಮೇಡಂ ಅದನ್ನು ಮೆಚ್ಚಿ, ಈ ಸುಳ್ಳುಗಾರರಿಗೆ ಒಂದು ಅಧ್ಯಾಯವನ್ನೇ ಕೊಡು ಎಂದರು. ನಾನು ಉಬ್ಬಿಹೋದೆ.

ಈಗ ನನ್ನ ಕಂಪ್ಯೂಟರಿನ ಕಥೆ. ಅದರ ಮೂಲೆಯಲ್ಲಿ ಹನ್ನೊಂದು ತಿಂಗಳಿನಿಂದ ಒಂದು ಕೆಂಪು ಚುಕ್ಕೆ ಉರಿಯುತ್ತಿತ್ತು. ಬೆಳಗ್ಗೆ ತೆರೆದ ಕೂಡಲೇ ‘ಅಪ್‌ಡೇಟ್ ಮಾಡಲೇ?’ ಎಂದು ಕೇಳುತ್ತಿತ್ತು. ನಾನು ‘ಆಮೇಲೆ’ ಒತ್ತಿ, ಜನ ಯಾಕೆ ‘ಆಮೇಲೆ’ ಒತ್ತುತ್ತಾರೆ ಎಂದು ಬರೆಯಲು ಕೂರುತ್ತಿದ್ದೆ. ನನಗೆ ಕಾರಣವಿತ್ತು. ಅಂಕಿಅಂಶ ಲೆಕ್ಕ ಹಾಕುವ ಒಂದು ಹಳೆಯ ತಂತ್ರಾಂಶವನ್ನು ನನ್ನ ಸೀನಿಯರ್ ಒಬ್ಬ ಹಾಕಿಕೊಟ್ಟಿದ್ದ. ಹೋಗುವಾಗ, “ಒಂದ್ಸಲ ಅಪ್‌ಡೇಟ್ ಮಾಡಿದ್ಯೋ, ಇದು ಜನ್ಮದಲ್ಲಿ ತೆರೆಯಲ್ಲ, ಹುಷಾರು” ಎಂದು ಹೇಳಿ ಹೋಗಿದ್ದ. ಇದೇ ನೆಪ ಹೇಳಿದ ಹದಿನಾರು ಜನರನ್ನು ನಾನು ಹೆದರುವವರ ಪಂಗಡಕ್ಕೆ ಸೇರಿಸಿದ್ದೆ. ನನ್ನನ್ನು ಯಾವ ಪಂಗಡಕ್ಕೂ ಸೇರಿಸಿರಲಿಲ್ಲ, ನಾನು ಸಂಶೋಧಕಿ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅನ್ನುತ್ತಾರಲ್ಲ, ಆ ಸಂತಾನ.

ಇದರಲ್ಲಿ ಅಪಾಯವೂ ಇತ್ತು. ಸಮೀಕ್ಷೆ ಶುರುವಾಗುವ ಮುಂಚೆ ವಿಭಾಗದವರು ನನ್ನಿಂದ ಒಂದು ಮುಚ್ಚಳಿಕೆ ಬರೆಸಿಕೊಂಡಿದ್ದರು. ಇಷ್ಟು ಜನರ ಹೆಸರು, ವಿಳಾಸ, ಗುಟ್ಟು ಎಲ್ಲ ಇರುವ ಕಂಪ್ಯೂಟರನ್ನು ನಾನು ತಿಂಗಳು ತಿಂಗಳೂ ಅಪ್‌ಡೇಟ್ ಮಾಡಿಟ್ಟುಕೊಳ್ಳುತ್ತೇನೆ, ತಪ್ಪಿದರೆ ಪ್ರಬಂಧ ತಿರಸ್ಕಾರ, ಒಂದು ವರ್ಷ ವ್ಯರ್ಥ. ಅದರ ಕೆಳಗೆ ನನ್ನ ಸಹಿ ಇತ್ತು.

ನನ್ನ ಸಹಿಯ ವಿಷಯ ಬಿಡಿ, ಅಮ್ಮನ ಸಹಿಯ ವಿಷಯ ಹೇಳಬೇಕು. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ಅಮ್ಮ ಮಕ್ಕಳ ಆಸ್ಪತ್ರೆಯ ಲಸಿಕೆ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ನರ್ಸು. ಬೀದಿಗೆಲ್ಲ ಅವಳು ನರ್ಸಮ್ಮ. ಪ್ರತಿ ಮಗುವಿಗೂ ಒಂದು ಕಾರ್ಡು, ಪ್ರತಿ ಡೋಸಿಗೂ ಒಂದು ಸಾಲು, ಸಾಲಿನ ಕೊನೆಯಲ್ಲಿ ಅವಳ ಸಹಿ. ಸೂಜಿ ಒಳಗೆ ಹೋದದ್ದನ್ನು ಕಣ್ಣಾರೆ ನೋಡದೆ ಅವಳು ಸಹಿ ಹಾಕಿದ್ದಿಲ್ಲ. ಒಮ್ಮೆ ಆಸ್ಪತ್ರೆಯ ದೊಡ್ಡ ಡಾಕ್ಟರೇ ತಮ್ಮ ಮೊಮ್ಮಗನ ಕಾರ್ಡು ತಂದು, “ಮನೇಲೇ ಹಾಕಿದೀನಿ, ಒಂದು ಸಹಿ ಮಾಡಿಬಿಡಿ” ಎಂದಾಗಲೂ ಅಮ್ಮ ಪೆನ್ನು ಎತ್ತಲಿಲ್ಲ. ಅದಕ್ಕೆ ಮೂರು ತಿಂಗಳು ನೆಲಮಾಳಿಗೆಯ ಹಳೇ ಕಡತಗಳ ಮಧ್ಯೆ ಧೂಳು ಕುಡಿದಳು. ಜಗ್ಗಲಿಲ್ಲ.

ಒಂದು ಸಂಜೆ ಊಟದ ಮೇಜಿನ ಮೇಲೆ ನಾನು ಕಂಪ್ಯೂಟರ್ ಹರಡಿಕೊಂಡು ಕೂತಿದ್ದಾಗ ಅಮ್ಮನ ಕಣ್ಣಿಗೆ ಆ ಕೆಂಪು ಚುಕ್ಕೆ ಬಿತ್ತು.

“ಪುಟ್ಟೀ, ಏನೇ ಅದು ಮೂಲೇಲಿ ಕೆಂಪಗೆ?”

“ಅಪ್‌ಡೇಟ್ ಮಾಡು ಅಂತಿದೆ.”

“ಮಾಡಲ್ವಾ?”

“ಮಾಡ್ತೀನಿ, ಈಗ ಪುರುಸೊತ್ತಿಲ್ಲ.”

“ಹಾಗಂದ್ರೇನು ಅದು?”

ಇಲ್ಲಿ ನಾನು ತಪ್ಪು ಮಾಡಿದೆ. ಮಾತು ಬೇಗ ಮುಗಿಯಲಿ ಎಂದು, “ಮಕ್ಕಳಿಗೆ ಲಸಿಕೆ ಇದ್ದ ಹಾಗೆ ಅಮ್ಮಾ. ತಿಂಗಳಿಗೊಂದು ಹಾಕಿಸಿದ್ರೆ ಕಾಯಿಲೆ ಬರಲ್ಲ” ಎಂದುಬಿಟ್ಟೆ. ಅಮ್ಮ ತಟ್ಟೆ ಪಕ್ಕಕ್ಕೆ ಸರಿಸಿ ಕೈ ತೊಳೆದುಕೊಂಡು ಬಂದಳು.

“ಹುಟ್ಟಿದ್ದು ಯಾವಾಗ ಇದು?”

“ಕೊಂಡಿದ್ದಾ? ಎರಡು ವರ್ಷ ಆಯ್ತು.”

“ಎಷ್ಟು ಡೋಸ್ ತಪ್ಪಿದೆ?”

“ಬಿಡಮ್ಮ, ಲೆಕ್ಕ ಇಟ್ಟಿಲ್ಲ.”

“ಲೆಕ್ಕ ಇಟ್ಟಿಲ್ವಾ?” ಎಂದಳು ಅಮ್ಮ. ಮಗುವನ್ನು ಎರಡು ವರ್ಷ ಲಸಿಕೆ ಹಾಕಿಸದೆ ಮನೆಯಲ್ಲಿಟ್ಟುಕೊಂಡ ತಾಯಂದಿರನ್ನು ಅವಳು ಹೇಗೆ ನೋಡುತ್ತಾಳೆ ಎಂದು ನನಗೆ ಅಂದು ಗೊತ್ತಾಯಿತು. “ನಾಳೆ ಅಂದವನ ಮನೆ ಹಾಳು ಕಣೇ. ಓದಿರೋಳು ನೀನು.”

ಮಾರನೇ ದಿನ ಆಸ್ಪತ್ರೆಯಿಂದ ಒಂದು ಖಾಲಿ ಕಾರ್ಡು ತಂದಳು. ಹುಟ್ಟಿದ ದಿನದ ಜಾಗದಲ್ಲಿ ಅಂಗಡಿಯ ರಸೀದಿ ನೋಡಿ ತಾರೀಖು ಬರೆದಳು. ತಾಯಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು. ಗಂಡೋ ಹೆಣ್ಣೋ ಎಂಬಲ್ಲಿ ಸ್ವಲ್ಪ ಹೊತ್ತು ಯೋಚಿಸಿ ಗೆರೆ ಎಳೆದಳು. ಶಿಬಿರಗಳಿಗೆ ಒಯ್ಯುವ ಮಗು ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಕಂಪ್ಯೂಟರನ್ನು ಅದರಲ್ಲಿ ಮಲಗಿಸಿ, ಎರಡು ಕೆಜಿ ನೂರು ಗ್ರಾಂ ಎಂದು ಬರೆದು, ಪಕ್ಕದಲ್ಲಿ ‘ತೂಕ ಕಡಿಮೆ’ ಎಂದು ಸೇರಿಸಿದಳು. ತೇಪೆ ಬರುವ ದಿನ ಯಾವುದು ಎಂದು ನನ್ನಿಂದ ಕೇಳಿ ತಿಳಿದು, ಪ್ರತಿ ತಿಂಗಳ ಎರಡನೇ ಬುಧವಾರ ಎಂದು ಹನ್ನೆರಡು ಸಾಲು ಗೀಟು ಹಾಕಿದಳು. ನಾನು ನಕ್ಕೆ. ಅಮ್ಮ ನಗಲಿಲ್ಲ.

ಮೊದಲ ಬುಧವಾರ ಬಂತು. ಅಮ್ಮ ಕಾರ್ಡು, ಪೆನ್ನು ಹಿಡಿದು ಎದುರು ನಿಂತಳು. ನನ್ನ ಲೆಕ್ಕದ ಕೆಲಸ ಅರ್ಧದಲ್ಲಿತ್ತು, ಕಂಪ್ಯೂಟರು ಬಿಸಿಯಾಗಿ ಬುಸುಗುಡುತ್ತಿತ್ತು.

“ಇವತ್ತು ಬೇಡ ಅಮ್ಮಾ, ತುಂಬಾ ಕಾದಿದೆ.”

ಅಮ್ಮ ಹಿಂಗೈಯನ್ನು ಅದರ ಬೆನ್ನಿಗಿಟ್ಟು ನೋಡಿದಳು. “ಹೌದು. ಜ್ವರ ಇರೋವಾಗ ಹಾಕಬಾರದು. ಇಳಿದ ಮೇಲೆ ಹಾಕು” ಎಂದು ಹೊರಟುಹೋದಳು. ಇಪ್ಪತ್ತಾರು ವರ್ಷದ ಅನುಭವ ನನ್ನ ನೆರವಿಗೆ ಬಂದಿತ್ತು.

ಎರಡು ದಿನ ಬಿಟ್ಟು ಅವಳು ಎರಡು ಪಾಳಿ ಮುಗಿಸಿ ಸುಸ್ತಾಗಿ ಬಂದಿದ್ದಳು. ಬಂದವಳೇ ಕೇಳಿದಳು.

“ಹಾಕಿದ್ಯಾ?”

“ಹೂಂ, ಹಾಕಿದೆ.”

ಅಮ್ಮ ಕಾರ್ಡು ತೆಗೆದಳು. ಪೆನ್ನಿನ ಮುಚ್ಚಳ ತೆಗೆದು, ಒಂದು ಗಳಿಗೆ ನನ್ನ ಮುಖ ನೋಡಿದಳು. ನೋಡದೆ ಸಹಿ ಹಾಕಬೇಕಲ್ಲ ಎಂಬ ಅಳುಕು ಅದು, ನನಗೆ ಅರ್ಥವಾಯಿತು.

“ನೀನು ಹೇಳಿದ ಮೇಲೆ ನೋಡೋದೇನಿದೆ” ಎಂದು ತನಗೆ ತಾನೇ ಅಂದುಕೊಂಡ ಹಾಗೆ ಹೇಳಿ ಸಹಿ ಮಾಡಿದಳು.

ದೊಡ್ಡ ಡಾಕ್ಟರಿಗೆ ಸಿಗದ್ದು ನನಗೆ ಸಿಕ್ಕಿತ್ತು. ಆ ಸಹಿ ನೋಡಿ ನನಗೆ ನಾಚಿಕೆಯಾಯಿತು. ಸುಳ್ಳು ಯಾಕೆ ಹೇಳಲಿ, ನಾಚಿಕೆ ಎರಡು ನಿಮಿಷ ಇತ್ತು. ಆಮೇಲೆ ಕೂತು ಸುಳ್ಳುಗಾರರ ಅಧ್ಯಾಯ ಮುಂದುವರಿಸಿದೆ.

ಹೀಗೆ ಏಳು ತಿಂಗಳು ನಡೆಯಿತು. ಏಳು ಬುಧವಾರ, ಏಳು ‘ಹೂಂ’, ಏಳು ಸಹಿ. ಕಾರ್ಡು ಫ್ರಿಜ್ಜಿನ ಬಾಗಿಲ ಮೇಲೆ ಅಯಸ್ಕಾಂತದ ಕೆಳಗೆ ಇರುತ್ತಿತ್ತು. ಮನೆಗೆ ಬಂದವರಿಗೆ ಅಮ್ಮ ಅದನ್ನು ತೋರಿಸಿ, “ನಮ್ಮ ಪುಟ್ಟಿ ಒಂದು ಡೋಸೂ ತಪ್ಪಿಸಿಲ್ಲ” ಅನ್ನುತ್ತಿದ್ದಳು. ನಾನು ಆಗ ಒಳಗೆ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ಕಾಯಿಲೆ ಬಂದದ್ದು ಒಂದು ಸೋಮವಾರ ಬೆಳಗ್ಗೆ, ಪ್ರಬಂಧ ಒಪ್ಪಿಸಲು ಇನ್ನು ಮೂರು ವಾರ ಇದ್ದಾಗ. ಸಮೀಕ್ಷೆಗೆ ತಡವಾಗಿ ಉತ್ತರಿಸಿದಂತೆ ಯಾರೋ ಒಂದು ಕಡತ ಕಳಿಸಿದ್ದರು. ತೆರೆದೆ. ಏನೂ ಇರಲಿಲ್ಲ, ಮುಚ್ಚಿದೆ. ನಾನು ಹಲ್ಲುಜ್ಜಿ ಬರುವಷ್ಟರಲ್ಲಿ ನನ್ನ ಕಂಪ್ಯೂಟರು ನನ್ನನ್ನು ಕೇಳದೆ ಇನ್ನೂರ ಹನ್ನೆರಡು ಜನರಿಗೂ ಪತ್ರ ಬರೆದು ಮುಗಿಸಿತ್ತು. ‘ಸಮೀಕ್ಷೆಯ ಫಲಿತಾಂಶ ಸಿದ್ಧವಾಗಿದೆ, ತೆರೆದು ನೋಡಿ’ ಎಂದು, ಕೆಳಗೆ ನನ್ನ ಹೆಸರು. ತೆರೆದು ನೋಡಿದವರಲ್ಲಿ ಹತ್ತೊಂಬತ್ತು ಜನ ಸಿಕ್ಕಿಬಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರ ಫೋಟೊಗಳು, ಪತ್ರಗಳು, ಮಕ್ಕಳ ಪಾಠದ ಟಿಪ್ಪಣಿಗಳು ಯಾವುವೂ ತೆರೆಯದಾದವು. ಆ ಹತ್ತೊಂಬತ್ತು ಜನ ಯಾರು ಎಂದು ಹುಡುಕಬೇಕಾಗಿರಲಿಲ್ಲ. ಯಾರ ಕಂಪ್ಯೂಟರಿಗೆ ಪ್ಯಾಚ್ ಇಲ್ಲ ಎಂದು ನಾನೇ ಪಟ್ಟಿ ಮಾಡಿ, ನಾಲ್ಕನೇ ಕೋಷ್ಟಕದಲ್ಲಿ ಹಾಕಿದ್ದೆ.

ಕಂಪ್ಯೂಟರನ್ನು ಎತ್ತಿಕೊಂಡು ವಿಭಾಗಕ್ಕೆ ಓಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರನ್ನು ನಾವೆಲ್ಲ ಫಾರ್ಮ್ಯಾಟಣ್ಣ ಅನ್ನುತ್ತೇವೆ. ಪ್ರಿಂಟರ್ ಕೆಟ್ಟಿದೆ ಎಂದರೂ, ಪರದೆ ಮಸುಕಾಗಿದೆ ಎಂದರೂ, ಅವರು ಮೊದಲು ಎಲ್ಲ ಅಳಿಸಿ ಹೊಸದಾಗಿ ತುಂಬುತ್ತಾರೆ, ಆಮೇಲೆ ಏನಾಗಿತ್ತು ಎಂದು ಕೇಳುತ್ತಾರೆ. ನನ್ನದನ್ನೂ ಹಾಗೆಯೇ ಅಳಿಸಿದರು, ಪ್ರಬಂಧದ ಪ್ರತಿ ಗೈಡ್ ಮೇಡಂ ಬಳಿ ಇದ್ದದ್ದು ನನ್ನ ಪುಣ್ಯ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಹದಿನೆಂಟು ತಿಂಗಳ ಪ್ಯಾಚನ್ನೆಲ್ಲ ಒಂದೇ ಸಲ ಹಾಕಿದರು. ಆಮೇಲೆ ಕನ್ನಡಕ ಹಣೆಗೇರಿಸಿ ಕೇಳಿದರು.

“ಇದು ಹಳೇ ತೂತಮ್ಮ. ನಾಲ್ಕು ತಿಂಗಳ ಹಿಂದೇನೇ ಮುಚ್ಚಿದ್ದಾರೆ. ಅಪ್‌ಡೇಟ್ ಆಗಿದ್ರೆ ಒಳಗೆ ಬರೋಕೆ ಸಾಧ್ಯನೇ ಇಲ್ಲ. ನಿಂದು ಆಗಿತ್ತೋ ಇಲ್ವೋ?”

ಕಂಪ್ಯೂಟರಿನೊಳಗೆ ಅದರ ದಾಖಲೆ ಇರುತ್ತದೆ. ಇರುತ್ತಿತ್ತು ಅನ್ನಬೇಕು, ಫಾರ್ಮ್ಯಾಟಣ್ಣ ಈಗಷ್ಟೇ ಅದನ್ನು ಅಳಿಸಿದ್ದರು. ನಾನು ತೊದಲಿದೆ. ಗುರುವಾರ ವಿಚಾರಣೆ ಎಂದು ಚೀಟಿ ಬಂತು.

ಚೀಟಿ ನೋಡಿ ಅಮ್ಮ, “ನಾನೂ ಬರ್ತೀನಿ” ಎಂದಳು.

“ನೀನ್ಯಾಕಮ್ಮಾ?”

“ಕಾರ್ಡು ನನ್ನ ಹತ್ರ ತಾನೇ ಇರೋದು?”

ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮೂರು ದಿನ ಸಮಯವಿತ್ತು, ಹೇಳಿಬಿಡಬಹುದಾಗಿತ್ತು. ಹೇಳಲಿಲ್ಲ. ಪ್ರಬಂಧ ಹೋಗುತ್ತದೆ ಎಂಬ ಹೆದರಿಕೆ ಅರ್ಧ. ಇನ್ನರ್ಧ, ಅಮ್ಮ ಹೊಸದಾಗಿ ಇಸ್ತ್ರಿ ಮಾಡಿಟ್ಟುಕೊಂಡ ಸೀರೆ.

ವಿಚಾರಣೆಯ ಕೋಣೆಯಲ್ಲಿ ವಿಭಾಗದ ಹೆಡ್, ಗೈಡ್ ಮೇಡಂ, ಫಾರ್ಮ್ಯಾಟಣ್ಣ ಸಾಲಾಗಿ ಕೂತಿದ್ದರು. ಹೆಡ್ ನನ್ನ ಮುಚ್ಚಳಿಕೆಯನ್ನು ಗಟ್ಟಿಯಾಗಿ ಓದಿ, “ಇದರ ಪ್ರಕಾರ ನಡ್ಕೊಂಡಿದ್ದಕ್ಕೆ ಏನಾದ್ರೂ ಪುರಾವೆ ಇದೆಯಾ?” ಎಂದರು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಎದ್ದು ಕಾರ್ಡನ್ನು ಮೇಜಿನ ಮೇಲಿಟ್ಟಳು.

ಹೆಡ್ ಅದನ್ನು ಹಿಂದೆ ಮುಂದೆ ತಿರುಗಿಸಿದರು. ತೂಕ ಓದಿದರು. ತಾರೀಖುಗಳ ಮೇಲೆ ಬೆರಳಾಡಿಸಿದರು.

“ಈ ಸಹಿ ಯಾರದು?”

“ನನ್ನದು ಸಾರ್. ಮಕ್ಕಳ ಆಸ್ಪತ್ರೇಲಿ ನರ್ಸು. ನನ್ನ ಸಹಿ ಇದೆ ಅಂದ್ರೆ ಹಾಕಿದೆ ಅಂತಲೇ ಅರ್ಥ.”

ಹೆಡ್ ಅವರಿಗೆ ಇಬ್ಬರು ಮಕ್ಕಳು, ಇಬ್ಬರ ಕಾರ್ಡಿನಲ್ಲೂ ಅಮ್ಮನದೇ ಸಹಿ ಇದೆ ಎಂದು ಆಮೇಲೆ ತಿಳಿಯಿತು. “ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ದಾಖಲೆ ನಾನು ನೋಡಿಲ್ಲ” ಎಂದರು ಅವರು. ಗೈಡ್ ಮೇಡಂ ಹೆಮ್ಮೆಯಿಂದ ನನ್ನ ಕಡೆ ನೋಡಿದರು. ಫಾರ್ಮ್ಯಾಟಣ್ಣ ಮಾತ್ರ ತಲೆ ಕೆರೆದುಕೊಂಡು, “ನಾಲ್ಕು ತಿಂಗಳ ಹಿಂದಿನದೂ ಹಾಕಿದೆ ಅಂತಿದೆಯಲ್ಲ ಸಾರ್. ಹಾಗಾದ್ರೆ ಇದು ಹೊಸ ತಳಿ. ಪ್ಯಾಚಿಗೂ ಬಗ್ಗದ್ದು” ಎಂದು ತೀರ್ಪು ಕೊಟ್ಟರು. ನನ್ನ ಮೂವತ್ತೊಂದನೇ ಪ್ರಶ್ನೆಯನ್ನು ಯಾರೂ ನನಗೆ ಕೇಳಲಿಲ್ಲ.

ನಾನು ಗೆದ್ದುಬಿಟ್ಟಿದ್ದೆ. ಎರಡು ದಿನದಲ್ಲಿ ವರದಿ ಬಂತು: ವಿದ್ಯಾರ್ಥಿನಿ ತನ್ನ ಕಂಪ್ಯೂಟರಿಗೆ ಎಲ್ಲ ಪ್ಯಾಚ್‌ಗಳನ್ನೂ ಕಾಲಕಾಲಕ್ಕೆ ಹಾಕಿಸಿದ್ದರೂ ಸೋಂಕು ತಗುಲಿದೆ, ಆಕೆಯದು ಯಾವ ತಪ್ಪೂ ಇಲ್ಲ. ವರದಿಯ ಪ್ರತಿಯನ್ನು ಕ್ಷಮಾಪಣೆಯ ಜೊತೆಗೆ ಇನ್ನೂರ ಹನ್ನೆರಡು ಜನರಿಗೂ ಕಳಿಸಿದರು. ಅಮ್ಮನ ಕಾರ್ಡಿನ ಮಾದರಿಯಲ್ಲಿ ಆರುನೂರು ಕಾರ್ಡು ಅಚ್ಚು ಹಾಕಿಸಿ, ಪ್ರತಿ ವಿದ್ಯಾರ್ಥಿಗೂ ಕೊಡಬೇಕೆಂದು ಹೆಡ್ ಆದೇಶ ಮಾಡಿದರು. ಹೊಸ ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಲು ಅಮ್ಮನನ್ನೇ ಕರೆದರು. ಇಪ್ಪತ್ತಾರು ವರ್ಷ ಕಾರ್ಡು ತುಂಬಿದ ಅಮ್ಮನಿಗೆ ಅದುವರೆಗೆ ಯಾರೂ ಭೇಷ್ ಅಂದಿರಲಿಲ್ಲ. ಅವಳು ಆ ನಾಲ್ಕು ಮಾತನ್ನು ಹಾಳೆಯಲ್ಲಿ ಬರೆದುಕೊಂಡು ಅಡುಗೆಮನೆಯಲ್ಲಿ ಬಾಯಿಪಾಠ ಮಾಡುತ್ತಿದ್ದಳು. ಅದನ್ನು ಕೇಳುತ್ತ ನಾನು ಪ್ರಬಂಧದ ಪುಟಸಂಖ್ಯೆ ಸರಿಮಾಡುತ್ತಿದ್ದೆ.

ಆಮೇಲೆ ಗೈಡ್ ಮೇಡಂ ಒಂದು ಸಣ್ಣ ಕೆಲಸ ಹೇಳಿದರು. ಈ ಘಟನೆಯ ನಂತರ ಜನರ ಅಭ್ಯಾಸ ಏನಾದರೂ ಬದಲಾಗಿದೆಯೇ, ಒಂದು ನಲವತ್ತು ಜನಕ್ಕೆ ಫೋನು ಮಾಡಿ ಕೊನೆಯಲ್ಲಿ ಅನುಬಂಧ ಸೇರಿಸು ಎಂದರು. ಮಾಡಿದೆ. ತಪ್ಪದೆ ಅಪ್‌ಡೇಟ್ ಮಾಡುತ್ತಿದ್ದವರಲ್ಲಿ ಹನ್ನೊಂದು ಜನ ನಿಲ್ಲಿಸಿಬಿಟ್ಟಿದ್ದರು. ಮೊದಲಿಂದಲೂ ಮಾಡದ ನ್ಯಾಯಾಧೀಶರಂತೂ, “ನೀವೇ ಎಲ್ಲಾ ಹಾಕಿಸ್ಕೊಂಡೂ ನಿಮಗೇ ಬಂತಲ್ಲಮ್ಮಾ, ಇನ್ನು ನಮ್ಮದೇನು” ಎಂದರು. ನನ್ನ ಸಂಶೋಧನೆಯಿಂದ ಸಮಾಜದ ಮೇಲೆ ಏನಾದರೂ ಪರಿಣಾಮವಾಯಿತೇ ಎಂದು ಯಾರಾದರೂ ಕೇಳಿದರೆ ಅಂಕಿಅಂಶ ಸಮೇತ ಉತ್ತರ ಸಿದ್ಧವಾಗಿತ್ತು.

ಇದು ಕಂಪ್ಯೂಟರಿಗೆ ನಿಂತಿದ್ದರೆ ನಾನು ಜೀರ್ಣಿಸಿಕೊಂಡುಬಿಡುತ್ತಿದ್ದೆ, ನನ್ನ ಸ್ವಭಾವ ನನಗೆ ಗೊತ್ತು. ಹತ್ತೊಂಬತ್ತು ಜನರಲ್ಲಿ ಒಬ್ಬರು ನಮ್ಮ ಬೀದಿಯ ಜೆರಾಕ್ಸ್ ಅಂಗಡಿಯವರು. ಅವರ ಸೊಸೆ ತನ್ನ ಕೂಸಿಗೆ ಮೂರನೇ ಡೋಸಿಗೆ ಬರಲಿಲ್ಲ. ಒಂದು ವಾರ ಕಾದು ಅಮ್ಮನೇ ಅವರ ಮನೆಗೆ ಹೋದಳು. ವಾಪಸ್ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕೂತಳು. ಶನಿವಾರ ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು.

“ಬರಲ್ವಂತೆ” ಎಂದಳು.

“ಯಾಕಂತೆ?”

“ಅವರ ಮಾವ ಹೇಳಿದ್ರಂತೆ. ನರ್ಸಮ್ಮನ ಮನೇಲಿ ಕಾರ್ಡು ತುಂಬಾ ಸಹಿ ಹಾಕಿಸ್ಕೊಂಡ್ರೂ ಬರೋದು ಬಂತು, ಆ ಹಸುಳೆಗೆ ಸುಮ್ನೆ ಯಾಕೆ ಸೂಜಿ ಚುಚ್ಚಿಸ್ತೀಯ ಅಂತ.” ಅಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. “ನಂಗೆ ಉತ್ತರ ಬರಲಿಲ್ಲ ಪುಟ್ಟಿ. ಇಷ್ಟು ವರ್ಷದಲ್ಲಿ ಯಾರೇ ಏನೇ ಕೇಳಿದ್ರೂ ಉತ್ತರ ಇರ್ತಿತ್ತು. ಎಲ್ಲಿ ತಪ್ಪಿತು ಅಂತ ಯೋಚನೆ ಮಾಡ್ತಾನೇ ಇದೀನಿ. ಕಾದಿರೋವಾಗ ಏನಾದ್ರೂ ಹಾಕಿಬಿಟ್ಯಾ? ಸರಿಯಾಗೇ ಹಾಕಿದ್ರೂ ಬಂತು ಅಂದ್ರೆ, ನಾನು ಇಷ್ಟು ಮಕ್ಕಳಿಗೆ ಹಾಕಿದ್ದೂ ಹೀಗೇ ಇರಬಹುದಲ್ವಾ? ನಿನ್ನೆ ಲಸಿಕೆ ಡಬ್ಬಿದು ಥರ್ಮಾಮೀಟರ್ ನಾಲ್ಕು ಸಲ ನೋಡಿದೆ. ಅದರ ಮೇಲೂ ನಂಬಿಕೆ ಬರ್ತಿಲ್ಲ.”

ಅಮ್ಮ ಅಳುತ್ತಿರಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಮಾಡಿ ಪಾರಾಗುತ್ತಿದ್ದೆನೋ ಏನೋ. ತನ್ನ ಕೈಯನ್ನೇ ಅನುಮಾನದಿಂದ ನೋಡಿಕೊಳ್ಳುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

“ಹಾಕಿರಲೇ ಇಲ್ಲ ಅಮ್ಮಾ.”

“ಯಾವುದು?”

“ಯಾವುದನ್ನೂ. ಏಳಕ್ಕೆ ಏಳೂ. ಸುಮ್ನೆ ಹೂಂ ಅಂದಿದ್ದೆ.”

ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ಕೂತೆ. ಬೈಗುಳ ಬರಲಿಲ್ಲ. ತಲೆಯೆತ್ತಿದರೆ ಅಮ್ಮನ ಮುಖ ಅರಳಿತ್ತು.

“ಹಾಗಾದ್ರೆ ಔಷಧಿದು ಏನೂ ತಪ್ಪಿಲ್ಲ” ಎಂದಳು. “ಹಾಕಿದ್ರೆ ಬರ್ತಿರಲಿಲ್ಲ, ಅಲ್ವಾ?”

“ಬರ್ತಿರಲಿಲ್ಲ.”

“ಖಂಡಿತ?”

“ಖಂಡಿತ ಅಮ್ಮಾ. ನಾಲ್ಕು ತಿಂಗಳ ಹಿಂದಿನ ಒಂದೇ ಒಂದು ಡೋಸ್ ಹಾಕಿದ್ರೂ ಸಾಕಿತ್ತು.”

ಅವಳು ಉಸಿರು ಬಿಟ್ಟು, ಎದ್ದು ಚಪ್ಪಲಿ ಬಿಟ್ಟು ಬಂದಳು, ನೀರು ಕುಡಿದಳು. ಲೋಟ ಕೆಳಗಿಡುವಾಗ ಮುಖದ ಬೆಳಕು ನಿಧಾನವಾಗಿ ಇಳಿಯಿತು.

“ನನ್ನ ಸಹಿ ಇದೆಯಲ್ಲೇ” ಎಂದಳು. “ಏಳು ಕಡೆ.”

ಆ ಸಂಜೆ ಅವಳು ಜೆರಾಕ್ಸ್ ಅಂಗಡಿಯವರ ಮನೆಗೆ ಮತ್ತೆ ಹೋದಳು, ನನ್ನನ್ನೂ ಕರೆದುಕೊಂಡು. ನಾನು ಅವರ ಮುಂದೆ ನಿಂತು ಹೇಳಿದೆ. ಸೊಸೆ ನನ್ನನ್ನು ಕೆಕ್ಕರಿಸಿ ನೋಡಿ, ಆಸ್ಪತ್ರೆಗೆ ಹೊರಡಿಸಲೆಂದು ಕೂಸಿಗೆ ಟೋಪಿ ಹಾಕಲು ಒಳಗೆ ಹೋದಳು.

ಸೋಮವಾರ ಹೆಡ್ ಅವರ ಕೋಣೆಗೆ ಹೋದೆವು. ಅವರಿಗೆ ನಮ್ಮನ್ನು ಕಂಡು ಸಂತೋಷವೇ ಆಯಿತು, ವಿಷಯ ಕೇಳುವ ತನಕ. ಕೇಳಿದ ಮೇಲೆ ಎದ್ದು ಬಾಗಿಲು ಮುಚ್ಚಿ ಬಂದರು.

“ನೋಡಿ ಅಮ್ಮಾ, ವರದಿ ಮೇಲಕ್ಕೆ ಹೋಗಿಬಿಟ್ಟಿದೆ. ಆರುನೂರು ಕಾರ್ಡು ಅಚ್ಚಾಗಿ ಬಂದಿದೆ, ಅಲ್ಲೇ ಪೆಟ್ಟಿಗೇಲಿದೆ. ಹುಡುಗಿ ಮುಂದಿನ ವಾರ ಪ್ರಬಂಧ ಕೊಡ್ತಾಳೆ, ಪದವಿ ಸಿಗತ್ತೆ. ಈಗ ಹೋಗಿ ಇದನ್ನೆಲ್ಲ ಕೆದಕಿದ್ರೆ ನಿಮಗೂ ಕೆಟ್ಟ ಹೆಸರು, ನಮಗೂ ಕೆಟ್ಟ ಹೆಸರು. ಯಾರೂ ಏನೂ ಕೇಳ್ತಾ ಇಲ್ಲವಲ್ಲ?”

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ಅಮ್ಮನ ಕಡೆ ನೋಡಿದೆ. ದೊಡ್ಡ ಡಾಕ್ಟರಿಗೆ ಎದುರು ನಿಂತವಳು ಇಲ್ಲಿ ಸುಮ್ಮನೆ ಕೂತಿದ್ದಳು, ಮಾತಾಡಬೇಕಾದವಳು ನಾನು ಎಂದು ಕಾಯುತ್ತಿದ್ದಳು. ಒಂದು ವರ್ಷ ಅನ್ನುವುದು ಎಷ್ಟು ಉದ್ದ ಎಂದು ನಾನು ಆ ಕುರ್ಚಿಯಲ್ಲಿ ಕೂತು ಲೆಕ್ಕ ಹಾಕಿದೆ.

“ಈ ವರ್ಷ ಪ್ರಬಂಧ ಕೊಡಲ್ಲ ಸಾರ್” ಎಂದೆ. “ಎಲ್ಲರಿಗೂ ನಿಜ ಏನೂಂತ ನಾನೇ ಬರೆದು ಕಳಿಸ್ತೀನಿ.”

ಆಗ ಅಮ್ಮ ಕಡತದಲ್ಲಿದ್ದ ಕಾರ್ಡನ್ನು ಕೇಳಿ ಪಡೆದು, ಹೆಡ್ ಅವರ ಮೇಜಿನ ಮೇಲಿದ್ದ ಕೆಂಪು ಪೆನ್ನು ತೆಗೆದುಕೊಂಡಳು. ಏಳು ಸಾಲನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಪ್ರತಿ ಸಾಲಿನ ಮುಂದೆ ‘ಕೊಟ್ಟಿಲ್ಲ’ ಎಂದು ಬರೆದು, ಆ ದಿನದ ತಾರೀಖು ಹಾಕಿ, ಮತ್ತೆ ಸಹಿ ಮಾಡಿದಳು.

ಪ್ರಬಂಧ ನಿಂತಿತು, ವರ್ಷ ಹೋಯಿತು. ಗೈಡ್ ಮೇಡಂ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟು, ಆಮೇಲೆ ಸುಳ್ಳುಗಾರರ ಅಧ್ಯಾಯಕ್ಕೆ ಒಬ್ಬರು ಹೆಚ್ಚಾದರಲ್ಲ, ಕೋಷ್ಟಕ ತಿದ್ದು ಎಂದರು. ಹತ್ತೊಂಬತ್ತು ಮನೆಗಳಿಗೆ ಫಾರ್ಮ್ಯಾಟಣ್ಣನ ಜೊತೆ ಹೋಗಿ ಬಂದೆ. ಕೆಲವರು ಕುಡಿಯಲು ಕೊಟ್ಟರು, ಕೆಲವರು ಬಾಗಿಲಲ್ಲೇ ನಿಲ್ಲಿಸಿ ಬೈದರು, ನ್ಯಾಯಾಧೀಶರು ಎರಡನ್ನೂ ಮಾಡಿದರು. ಇನ್ನು ಸೀನಿಯರ್ ಹಾಕಿಕೊಟ್ಟ ಆ ಹಳೇ ತಂತ್ರಾಂಶ. ಹದಿನೆಂಟು ತಿಂಗಳ ಪ್ಯಾಚ್ ಬಿದ್ದ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಹಾಕಿ, ಕಣ್ಣು ಮುಚ್ಚಿಕೊಂಡು ಒತ್ತಿದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತೆರೆಯಿತು. ಮೊದಲಿಗಿಂತ ಬೇಗ ತೆರೆಯಿತು ಎಂದೂ ಹೇಳಬಹುದು.

ಅಮ್ಮ ನನ್ನನ್ನು ಈವರೆಗೂ ಬೈದಿಲ್ಲ. ಬೈದಿದ್ದರೆ ಜಗಳವಾಡಿ ಮುಗಿಸಿಕೊಳ್ಳಬಹುದಿತ್ತು. ಎರಡನೇ ಬುಧವಾರ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾಳೆ. ಪರದೆ ಆರಿ, ಮತ್ತೆ ಹೊತ್ತಿ, ‘ಎಲ್ಲ ಸರಿಯಾಗಿದೆ’ ಎಂದು ಅದು ಹೇಳಿದ ಮೇಲೆಯೇ ಪೆನ್ನು ತೆಗೆಯುತ್ತಾಳೆ. ಅದು ನ್ಯಾಯವೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ಮೊನ್ನೆ ಕೆಲಸ ಮುಗಿಸಿ ಬಂದವಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಎಂದಿನಂತೆ ಕೇಳಿದಳು.

“ಊಟ ಮಾಡಿದ್ಯಾ?”

“ಮಾಡಿದೆ ಅಮ್ಮಾ.”

ನಿಜವಾಗಿಯೂ ಮಾಡಿದ್ದೆ. ಅಮ್ಮ ಒಳಗೆ ಹೋಗಿ, ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.